ಮಾಸ್ಕೋದ ಹೆಂಡತಿಗೆ ಟಿವಿಯಲ್ಲೊಂದು ಜಾಗ

ಬಿಷ್ಕೆಕ್‌ನ ಓಶ್ ಬಜಾರಿನಲ್ಲಿ ರಿಮೋಟ್ ರಿಪೇರಿಗೆ ಕೊಟ್ಟು ಕಾಯುತ್ತಿದ್ದೆ. ಪಕ್ಕದಲ್ಲಿ ಬಿಳಿ ಟೋಪಿಯವನೊಬ್ಬ ಸ್ವಿಚ್ ಡಬ್ಬಿಯೊಂದನ್ನು ತಿರುಗಿಸಿ ತಿರುಗಿಸಿ ನೋಡುತ್ತ ಅಂಗಡಿಯ ನಾಜಿರಾಳನ್ನು ಕೇಳಿದ.

“ಮೂರು ವೈರೂ ಇದಕ್ಕೇ ಚುಚ್ಚಬಹುದಾ ತಂಗಿ? ಡಿಶ್ಶಿಂದು, ಮದುವೆ ಸೀಡಿ ಹಾಕೋದು, ಫೋನಿಂದು?”

“ಹ್ಞೂಂ ಮೆಲಿಸಣ್ಣ, ಒಂದೇ ಟಿವಿಗೆ ಮೂವರು ಸವತಿಯರು! ಫೋನ್ ಯಾಕೆ?”

“ದುಡಿಯೋಕೆ ಹೋಗಿರೋ ನಿನ್ನತ್ತಿಗೆ ಬೂರುಲ್ ಊಟದ ಹೊತ್ತಿಗೆ ಮಾಸ್ಕೋದಿಂದ ಕಾಲ್ ಮಾಡ್ತಾಳೆ. ದೊಡ್ಡದಾಗಿ ಕಾಣ್ಲಿ ಅಂತ. ಅವಳಿಗೂ ಟೀ ಬಗ್ಗಿಸಿ ಟಿವಿ ಮುಂದೆ ಇಡ್ತೀನಿ.”

“ಬಟ್ಟಲು ತುಂಬಾನಾ?”

“ಛೆ, ಅರ್ಧ. ತುಂಬಿಸಿದ್ರೆ ‘ಇನ್ನು ಹೊರಡು’ ಅಂದ ಹಾಗಲ್ವಾ!”

“ಹಾಗಾದ್ರೆ ಇದೇ ತಗೊಳ್ಳಿ. ಅತ್ತಿಗೆ ಕಾಲ್ ಬಂದ್ರೆ ತಾನಾಗೇ ಅವರ ಕಡೆ ತಿರುಗುತ್ತೆ. ಅವರು ಫೋನಿಟ್ರೆ ತಾನಾಗೇ ಡಿಶ್ಶಿಗೆ ವಾಪಸ್!” ಎಂದು ನಾಜಿರಾ ಜಾಹೀರಾತಿನವರ ರಾಗ ಎಳೆದಳು.

“ತಕ್ಷಣಾನೇ?”

“ರೆಪ್ಪೆ ಬಡಿಯೋದ್ರೊಳಗೆ!”

“ಹಾಗೆ ವಾಪಸ್ ಹೋಗದೇ ಇರೋದು ಇಲ್ವಾ?”

“ಗುಂಡಿ ಒತ್ತೋ ಹಳೇದಿದೆ. ನೀವು ಒತ್ತೋವರೆಗೂ ಅಲ್ಲೇ ಇರುತ್ತೆ. ಆದ್ರೆ ಅತ್ತಿಗೆ ಹೋದ್ಮೇಲೆ ಪರದೆ ಬರೀ ಕಪ್ಪು ಅಣ್ಣ.”

“ಅದನ್ನೇ ಕೊಡು. ಅವಳು ಎದ್ದ ಜಾಗಕ್ಕೆ ಆಗಲೇ ಇನ್ಯಾರೋ ಬಂದು ಕೂರೋದು ಬೇಡ.”

ನಾಜಿರಾ ರಾಗ ಬಿಟ್ಟು, ಹಳೆಯದರ ಧೂಳು ಒರೆಸಿ ಕಟ್ಟಿಕೊಟ್ಟಳು. ಮೆಲಿಸ್ ಅದನ್ನು ಕೋಟಿನ ಒಳಗಿಟ್ಟುಕೊಂಡು ಜನರ ನಡುವೆ ನಡೆದುಹೋದ.