ಇಪ್ಪತ್ತು ಸೆಕೆಂಡಿನ ಉಸಿರು

ವಿಕಿರಣ ಚಿಕಿತ್ಸೆಯ ಕೋಣೆಯ ಹೊರಗೆ ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕತಂಗಿಯರಿಬ್ಬರು ಕೂತಿದ್ದರು. ಚಿಕಿತ್ಸೆ ಅಕ್ಕನ ಎಡ ಎದೆಗೆ. ತಂಗಿ ಬಗ್ಗಿ ಅವಳ ಚಪ್ಪಲಿ ಬಿಚ್ಚುತ್ತಿದ್ದಳು.

“ಹಳೇ ರೀತೀಲೇ ಕೊಡಲಿ ಕಣೇ. ಈ ಉಸಿರು ಹಿಡಿಯೋ ಸಂಶೋಧನೆ ಗಿಂಶೋಧನೆ ನನ್ನ ಕೈಲಾಗಲ್ಲ.”

“ಉಸಿರು ಹಿಡಿದ್ರೆ ಹೃದಯ ಕಿರಣದಿಂದ ದೂರ ಸರಿಯತ್ತೆ ಅಂತ ಡಾಕ್ಟರು ಹೇಳಲಿಲ್ವಾ ಅಕ್ಕಾ?”

“ಇಪ್ಪತ್ತು ಸೆಕೆಂಡು ಹಿಡೀಬೇಕಲ್ಲ! ಮನೇಲಿ ಹದಿನೇಳಕ್ಕೇ ಬಿಟ್ಟುಬಿಡ್ತೀನಿ. ಇವತ್ತಿನ ಪರೀಕ್ಷೇಲೂ ಆಗದಿದ್ರೆ ಸಂಶೋಧನೆಯಿಂದ ನನ್ನ ಕೈಬಿಡ್ತಾರೆ. ಬಿಡಲಿ, ಸಾಕಾಗಿದೆ.”

“ಮನೇಲಿ ಎಣಿಸಿದ್ದು ಯಾರು?”

“ನೀನೇ.”

“ಗಡಿಯಾರ ನೋಡಿದ್ಯಾ?”

“ಕಣ್ಣು ಮುಚ್ಚಿರ್ತೀನಲ್ಲೇ.”

“ಬೇಕಂತಲೇ ನಿಧಾನ ಎಣಿಸ್ತಿದ್ದೆ. ನನ್ನ ಹದಿನೇಳು ಅಂದ್ರೆ ಗಡಿಯಾರದಲ್ಲಿ ಇಪ್ಪತ್ಮೂರು.”

ಅಕ್ಕ ಅವಳ ತೋಳಿಗೊಂದು ಏಟು ಕೊಟ್ಟಳು.

“ಕಳ್ಳಿ! ಹದಿನೈದು ದಿನ ನನ್ನ ಗೋಳು ಹುಯ್ಕೊಂಡ್ಯಲ್ಲೇ!”

“ಆಮೇಲೆ ಬೈಯುವಂತೆ, ಈಗ ಉಸಿರು ಉಳಿಸ್ಕೋ.”

ಒಳಗಿನಿಂದ ನರ್ಸ್ ಕರೆದಳು. ಅಕ್ಕ ಕನ್ನಡಕ ತೆಗೆದು ತಂಗಿಯ ಕೈಗಿಟ್ಟಳು. ಇಬ್ಬರೂ ಬಾಗಿಲವರೆಗೆ ನಡೆದರು.

“ಇವರು ಬೇಗ ಎಣಿಸ್ತಾರಾ?”

“ಹ್ಞೂಂ, ಇವರಿಗೆ ನಿನ್ನ ಮೇಲೆ ಅಷ್ಟು ಪ್ರೀತಿ ಇಲ್ಲ. ಹೋಗು.”