ಲಿಯೋರಾ ವೇನ್ ಹತ್ತಿದ ಮೆಟ್ಟಿಲು

ಸಂಜೆ ನಾಲ್ಕು ಗಂಟೆಗೆ ಕರೆಂಟ್ ಹೋಯಿತು. ಲಾಸ್ ಏಂಜಲಿಸ್‌ನ ಆ ವೃದ್ಧಾಶ್ರಮದಲ್ಲಿದ್ದವರೆಲ್ಲ ಒಂದು ಕಾಲಕ್ಕೆ ಸಿನಿಮಾದಲ್ಲಿ ದುಡಿದವರು. ಹೊರಗೆ ಮಳೆ ಹಿಡಿದಿತ್ತು. ಇಸ್ಪೀಟಿನ ಎಲೆಗಳು ಕಾಣದಾದಾಗ ಎಲ್ಲರೂ ಮುದುಕಿ ವಿನಿಫ್ರೆಡ್‌ಳ ಸುತ್ತ ಕುರ್ಚಿ ಎಳೆದುಕೊಂಡರು. ಆರೂವರೆಗೆ ಅಲ್ಲಿನ ಪುಟ್ಟ ಥಿಯೇಟರಿನಲ್ಲಿ ಲಿಯೋರಾ ವೇನ್‌ಳ ಕೊನೆಯ ಚಿತ್ರವಿತ್ತು. ವಿನಿಫ್ರೆಡ್ ಆ ತಾರೆಯ ಬದಲಿಯಾಗಿದ್ದವಳು. ದೀಪಗಳನ್ನು ಹೊಂದಿಸುವಷ್ಟು ಹೊತ್ತು ತಾರೆಯ ಜಾಗದಲ್ಲಿ ನಿಲ್ಲುವುದು ಅವಳ ಕೆಲಸ.

“ಸುಮ್ನೆ ನಿಂತ್ಕೊಳ್ಳೋಕೆ ಸಂಬಳ ಕೊಡ್ತಿದ್ರಾ ಅಜ್ಜಿ?” ನರ್ಸ್ ಇನೆಜ್ ಕೆಣಕಿದಳು.

“ನೀನು ನಿಂತು ನೋಡೇ ಆ ದೀಪದ ಕೆಳಗೆ, ತಲೆ ಮೇಲೆ ಮೊಟ್ಟೆ ಬೇಯುತ್ತೆ!” ವಿನಿಫ್ರೆಡ್ ಶಾಲು ಹೊದ್ದಳು. “ಲಿಯೋರಾ ಮೇಡಂ ಹುಟ್ಟಿದ್ದು ನೆಬ್ರಾಸ್ಕಾದ ಗೋಧಿ ಹೊಲದ ಮಗ್ಗುಲಲ್ಲಿ. ಮೂಕಿ ಚಿತ್ರಗಳಲ್ಲಿ ರಾಣಿ ಹಾಗೆ ಮೆರೆದ್ರು. ಸಿನಿಮಾಕ್ಕೆ ಮಾತು ಬಂತು ನೋಡಿ, ಈ ಗೊಗ್ಗರು ದನಿ ಯಾರಿಗೆ ಬೇಕು ಅಂತ ಎಲ್ಲ ನಕ್ಕರು. ಅವರು ದನಿ ಬದಲಾಯಿಸ್ಲಿಲ್ಲ ಕಣ್ರೋ… ಕೇಳೋರ ಕಿವಿ ಬದಲಾಯಿಸಿದ್ರು. ಒಂದು ಮಾತ್ರ ಕೈಗೂಡ್ಲಿಲ್ಲ. ಅವರಿಗೆ ವಯಸ್ಸಾಗೋಕೆ ಸ್ಟುಡಿಯೋ ಬಿಡ್ಲಿಲ್ಲ. ನಲವತ್ತೈದಾದ್ರೂ ಹುಡುಗಿ ವೇಷ! ಜಗಳ ಆಡಿ ಆಡಿ, ಕೊನೇ ಚಿತ್ರದಲ್ಲಿ ಒಂದೇ ಒಂದು ಶಾಟ್ ಗೆದ್ದರು. ತಾಯಿ ಪಾತ್ರ ಅವರದು; ಮೆಟ್ಟಿಲು ಹತ್ತಿ, ತುದೀಲಿ ತಿರುಗಿ, ಬಣ್ಣ ಇಲ್ಲದ ಮುಖ ತೋರಿಸ್ಬೇಕು. ‘ವಿನಿ, ಇದೊಂದು ಸಿಕ್ರೆ ಮಿಕ್ಕಿದ್ದೆಲ್ಲ ಸುಟ್ಟುಹಾಕ್ಲಿ’ ಅಂತಿದ್ರು. ಆ ಶಾಟಿನ ಹಿಂದಿನ ದಿನ ಎದೆಬಡಿತ ನಿಂತು ತೀರ್ಕೊಂಡ್ರು.”

ಕತೆಯ ಈ ಜಾಗದಲ್ಲಿ ತಡೆದು ನಿಂತರೆ ಜನ ಮುಂದಕ್ಕೆ ಬಾಗುತ್ತಾರೆಂದು ವಿನಿಫ್ರೆಡ್‌ಗೆ ಗೊತ್ತಿತ್ತು. ತಡೆದಳು.

“ನಿರ್ದೇಶಕ ಹ್ಯಾಸ್ಕೆಲ್ ನನಗೆ ಅವರ ಗೌನು ಹಾಕಿಸಿದ. ‘ನಂಗೆ ಬೇಕಿರೋದು ನಿನ್ನ ಬೆನ್ನು. ತಿರುಗಿದ್ಯೋ, ಮನೆಗೆ ನಡಿ’ ಅಂದ. ಹತ್ತಿದೆ. ತಿರುಗ್ಲಿಲ್ಲ… ದೇವರಾಣೆ, ನಾನು ತಿರುಗ್ಲಿಲ್ಲ. ಮಾರನೇ ದಿನ ಲ್ಯಾಬಲ್ಲಿ ತೊಳೆದ ರೀಲು ಹಾಕಿ ನೋಡ್ತೀವಿ…”

“ತಿರುಗಿದ್ರು,” ಎಂದ ಮೂಲೆಯಲ್ಲಿದ್ದ ಓಟಿಸ್. ಅವನು ಆ ಚಿತ್ರದ ಛಾಯಾಗ್ರಾಹಕ. “ಕ್ಯಾಮೆರಾ ಹಿಂದೆ ಇದ್ದವನು ನಾನು. ಶಾಟ್ ತೆಗೆಯುವಾಗ ಕಂಡಿದ್ದು ಬರೀ ಬೆನ್ನು. ರೀಲಲ್ಲಿ ಮೇಡಂ ಮುಖ.”

“ಅದನ್ನ ಕತ್ತರಿಸೋ ಧೈರ್ಯ ಯಾರಿಗಿತ್ತು? ಹಾಗೇ ಬಿಡುಗಡೆ ಆಯ್ತು,” ಎಂದಳು ವಿನಿಫ್ರೆಡ್.

“ಅಯ್ಯೋ ಅಜ್ಜಿ, ಇವತ್ತು ನಾನು ಆ ಸಿನಿಮಾ ನೋಡಲ್ಲ,” ಎಂದಳು ಇನೆಜ್.

“ಇಷ್ಟಕ್ಕೇ ಹೆದರಿದ್ಯಾ? ಇನ್ನೂ ಹೇಳಿಲ್ಲ ಕಣೇ. ಅವತ್ತು ಆ ಮುಖಕ್ಕೆ ನಲವತ್ತೈದು. ಹೋದ ವರ್ಷ ಇಲ್ಲೇ ನೋಡಿದೆ… ಎಪ್ಪತ್ತು ದಾಟಿತ್ತು. ಅದೇ ರೀಲು, ಅದೇ ಶಾಟ್. ಪ್ರತಿ ಸಲವೂ ಒಂದೊಂದು ಸುಕ್ಕು ಜಾಸ್ತಿ. ಎಷ್ಟು ಚೆಂದ ಕಾಣ್ತಾರೆ ಗೊತ್ತಾ? ಈಗ ಬೇಡ ಅನ್ನೋಕೆ ಯಾವ ಸ್ಟುಡಿಯೋಗೆ ಆಗುತ್ತೆ, ಹೇಳು?”

ಆರಕ್ಕೆ ಕರೆಂಟ್ ಬಂತು. ಚಿತ್ರ ಹೇಳಿದ ಹೊತ್ತಿಗೆ ಶುರುವಾಯಿತು. ಇನೆಜ್ ಕೂಡ ಬಂದು ಬಾಗಿಲ ಪಕ್ಕ ಕುಳಿತಳು. ಕೊನೆಯ ಶಾಟ್ ಮುಗಿದಾಗ ದೀಪ ಹಾಕಬೇಕಾದವಳು ಅವಳೇ. ಮೆಟ್ಟಿಲ ತುದಿಯಲ್ಲಿ ತಿರುಗಿದ ಮುದುಕಿಯ ಮುಖ ಕಂಡಿದ್ದ ಅವಳು ಏಳಲಿಲ್ಲ, ಓಟಿಸ್ ಗೋಡೆ ತಡವಿಕೊಂಡು ಹೋಗಿ ದೀಪ ಹಾಕಿದ.