ತಿಕ್ಕಿದ ಕಾಸು

ಚರ್ಮದ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದ ಬೆಂಚಿನಲ್ಲಿ ಗುರುತಿಲ್ಲದ ಇಬ್ಬರು ಹೆಂಗಸರು, ಒಬ್ಬ ಅತ್ತಿಗೆ ಮತ್ತು ಅವಳ ನಾದಿನಿ, ಮಾತಾಡುತ್ತ ಕೂತಿದ್ದರು. ಅತ್ತಿಗೆಯ ಬೆರಳ ತುದಿಗಳು ಸುಲಿದು ಕೆಂಪಾಗಿದ್ದವು.

“ನಿಮ್ಮಪ್ಪ ಕೂಡಿಸಿಟ್ಟಿದ್ದ ಬ್ರಿಟಿಷರ ಕಾಲದ ಕಂಚಿನ ಕಾಸು ಅಷ್ಟನ್ನೂ ನಿಮ್ಮಣ್ಣ ಎತ್ಕೊಂಡ್ರಾ, ಅತ್ತಿಗೆ?”

“ಹೂಂ. ಅಪ್ಪ ಹೋಗಿ ತಿಂಗಳಾಗಿಲ್ಲ. ಇಷ್ಟು ವರ್ಷ ಜೊತೇಲಿ ಕೂತು ಒಂದೊಂದನ್ನೂ ಜೋಡಿಸಿದೋಳು ನಾನು. ‘ನಿಂಗೇನು ಗೊತ್ತು, ಪಾತ್ರೆ ತಿಕ್ಕೋದು ಬಿಟ್ರೆ?’ ಅಂದ.”

“ಸುಮ್ನೆ ಕೊಟ್ಬಿಟ್ರಾ?”

“ನಾಳೆ ಪ್ರದರ್ಶನಕ್ಕಿಡ್ಬೇಕು, ಕಪ್ಪಗಿವೆ, ತಿಕ್ಕಿ ಕೊಡು ಅಂದ. ನಿಂಬೆಹಣ್ಣು, ಉಪ್ಪು ಹಾಕಿ ತಿಕ್ದೆ. ಫಳಫಳ ಅಂತಿವೆ.”

“ಅಯ್ಯೋ, ಅವರಿಗೇ ಅನುಕೂಲ ಮಾಡಿಕೊಟ್ರಲ್ಲ!”

“ಆ ಕಪ್ಪು ಕೊಳೆಯಲ್ಲ ಕಣೇ, ನೂರು ವರ್ಷದ ಬಣ್ಣ. ಅದು ಹೋದ ಕಾಸನ್ನ ಬಲ್ಲೋರು ಮುಟ್ಟಿಯೂ ನೋಡಲ್ಲ. ಅಪ್ಪ ನಂಗೆ ಮೊದಲು ಕಲಿಸಿದ್ದೇ ಅದು.”

“ನಿಮಗೆ ಸಂಕಟ ಆಗ್ಲಿಲ್ವಾ?”

“ಅಳ್ತಾ ಅಳ್ತಾನೇ ತಿಕ್ದೆ. ಒಂದನ್ನೂ ಬಿಡಲಿಲ್ಲ.”

ನರ್ಸ್ ಹೆಸರು ಕೂಗಿದಳು. ಅತ್ತಿಗೆ ಚೀಲ ಹೆಗಲಿಗೇರಿಸಿ ಎದ್ದಳು.

“ನಾಳೆ ಅವರು ಬಂದು ಜಗಳ ತೆಗೆದ್ರೆ?”

“ತೆಗೀಲಿ. ನಂಗೇನು ಗೊತ್ತು, ಪಾತ್ರೆ ತಿಕ್ಕೋದು ಬಿಟ್ರೆ?”